ಕನ್ನದ ಗೋಡೆಯಿಂದ ಗುರುಪೀಠದವರೆಗೆ: ನಮ್ಮ ನೆರೆಯ ನೆಲದ ಉರಿಲಿಂಗಪೆದ್ದಿ

ಬಸವ ಜಯಂತಿಯಂದು ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳು ಶರಣರ ಹೆಸರುಗಳನ್ನು ಒಪ್ಪಿಸುವುದುಂಟು. ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿ, ಚೆನ್ನಬಸವಣ್ಣ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂದು ಸಾಗುವ ಆ ಸಾಲಿನಲ್ಲಿ ಉರಿಲಿಂಗಪೆದ್ದಿ ಎಂಬ ಹೆಸರೂ ಬರುತ್ತದೆ. ಬಂದಷ್ಟೇ ಬೇಗ ದಾಟಿಯೂ ಹೋಗುತ್ತದೆ. ಆ ಹೆಸರಿನ ಹಿಂದೆ ಒಬ್ಬ ಕಳ್ಳನ ಬದುಕಿದೆ, ಆ ಕಳ್ಳನನ್ನು ತನ್ನ ಪೀಠದ ಮೇಲೆ ಕೂರಿಸಿದ ಒಂದು ಮಠದ ಬದುಕಿದೆ. ಆ ಗುರುಪರಂಪರೆಯ ಊರು ದೂರದ್ದಲ್ಲ. ಉದಗೀರದಿಂದ ಉತ್ತರಕ್ಕೆ ಜಳಕೋಟದ ದಿಕ್ಕಿನಲ್ಲಿ ಸಾಗಿದರೆ ಸಿಗುವ, ಇಂದಿನ ನಾಂದೇಡ ಜಿಲ್ಲೆಯ ಕಂಧಾರ ಅದು.

ಈ ಜೀವನಕಥೆಯನ್ನು ನಮ್ಮ ಓದುಗರ ಮುಂದೆ ಇಡಲು ಕಾರಣವಿದೆ. ಹಾದಿ ತಪ್ಪಿದ ಹುಡುಗನನ್ನು ಏನು ಮಾಡಬೇಕು ಎಂಬ ಪ್ರಶ್ನೆ ಪಾಲಕರ ಸಭೆಗಳಲ್ಲಿ ಒಂದಲ್ಲ ಒಂದು ದಿನ ಏಳುತ್ತದೆ. ಸಹಪಾಠಿಯ ಚೀಲದಿಂದ ಹಣ ತೆಗೆದವನು, ಗುರುಗಳಿಗೆ ಎದುರು ನಿಂತು ಶಾಲೆ ಬಿಟ್ಟವನು, ಪರರ ಮೋಟರ್ ಸೈಕಲ್ಲು ಒಯ್ದು ಪೊಲೀಸರ ಕೈಗೆ ಸಿಕ್ಕವನು, ಇಂಥವರು ಯಾವ ಊರಿನಲ್ಲಿ ಇಲ್ಲ? ಹೊರಗೆ ಹಾಕಿದರೆ ಉಳಿದ ಮಕ್ಕಳು ಕೆಡುವುದಿಲ್ಲ ಎಂಬ ವಾದ ಒಂದು ಕಡೆ. ಹೊರಗೆ ಹಾಕಿದರೆ ಆ ಮಗು ಶಾಶ್ವತವಾಗಿ ಕೆಡುತ್ತದೆ ಎಂಬ ಆತಂಕ ಇನ್ನೊಂದು ಕಡೆ. ಎಂಟುನೂರು ವರ್ಷಗಳಿಗೂ ಹಿಂದೆ ನಮ್ಮ ನೆರೆಯ ನೆಲದಲ್ಲಿಯೇ ಒಂದು ಸಂಸ್ಥೆ ಈ ಪ್ರಶ್ನೆಯನ್ನು ಎದುರಿಸಿತ್ತು. ಅದು ಕಂಡುಕೊಂಡ ಉತ್ತರ ಇಂದಿಗೂ ಹಳತಾಗಿಲ್ಲ ಎಂಬುದು ನಮ್ಮ ನಂಬಿಕೆ.

ಗೋದಾವರಿಯ ತೆಂಕಣ ಕನ್ನಡ ನೆಲ

ಮೊದಲು ನೆಲದ ಮಾತು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸುತ್ತದೆ. ನಾಂದೇಡ ಇರುವುದು ಗೋದಾವರಿಯ ದಡದಲ್ಲಿ. ಕಂಧಾರ ಅದಕ್ಕೂ ದಕ್ಷಿಣಕ್ಕೆ. ರಾಷ್ಟ್ರಕೂಟರ ಕಾಲದಲ್ಲಿ ಕಂಧಾರಪುರ ಹೆಸರಾಂತ ನಗರವಾಗಿತ್ತು. ಅಲ್ಲಿನ ಕೋಟೆ ಮತ್ತು ಜಗತ್ತುಂಗ ಸಮುದ್ರವೆಂಬ ಕೆರೆ ಇಂದಿಗೂ ಆ ವೈಭವದ ಕುರುಹುಗಳಾಗಿವೆ. ಲಾತೂರು, ಧಾರಾಶಿವ, ನಾಂದೇಡ, ಸೊಲ್ಲಾಪುರ ಜಿಲ್ಲೆಗಳಲ್ಲಿ ದೊರೆತಿರುವ ಕನ್ನಡ ಶಾಸನಗಳು ಈ ನೆಲದ ನುಡಿಚರಿತ್ರೆಗೆ ಸಾಕ್ಷಿಯಾಗಿ ನಿಂತಿವೆ.

ಉದಗೀರ ಮತ್ತು ನಿಲಂಗಾ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು ಎಂಬುದು ನಮ್ಮ ಹಿರಿಯರಿಗೆ ನೆನಪಿರುವ ಸಂಗತಿ. ಉಮರ್ಗಾದಿಂದ ಬಸವಕಲ್ಯಾಣ ಅಷ್ಟೇನೂ ದೂರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಆ ಕಲ್ಯಾಣವೇ ರಾಜಧಾನಿ; ಕಲಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರ ನಾಯಕತ್ವದಲ್ಲಿ ಶರಣರ ಚಳವಳಿ ನಡೆದದ್ದು ಅಲ್ಲಿಯೇ. ಆದುದರಿಂದ ಕಲ್ಯಾಣದಿಂದ ಕಂಧಾರದವರೆಗಿನ ಸೀಮೆ ಶರಣರಿಗೆ ಪರನಾಡಾಗಿರಲಿಲ್ಲ. ಉರಿಲಿಂಗಪೆದ್ದಿಯ ಬದುಕು ನಡೆದದ್ದು ಈ ಸೀಮೆಯಲ್ಲಿ, ಈ ಕಾಲದಲ್ಲಿ.

ಈ ಬದುಕಿನ ವಿವರಗಳು ನಮಗೆ ತಲುಪಿರುವುದು ಬಹುಮಟ್ಟಿಗೆ ಶರಣ ಪರಂಪರೆಯ ಕಥನಗಳ ಮೂಲಕ. ಪುರಾಣಕಾರರು ಭಕ್ತಿಯಿಂದ ಹೇಳಿದ್ದನ್ನು ನಾವು ಪರಂಪರೆಯ ಮಾತೆಂದೇ ಇಲ್ಲಿ ಹೇಳುತ್ತೇವೆ. ಆದರೆ ಆತ ಬರೆದ ವಚನಗಳು ಕಥೆಯಲ್ಲ. ಅವು ನಮ್ಮ ಕೈಯಲ್ಲಿರುವ ಸಾಕ್ಷ್ಯ.

ಕಳವಿಗೆ ಹೋದ ರಾತ್ರಿ

ಆತನ ಮೊದಲ ಹೆಸರು ಪೆದ್ದಣ್ಣ. ಅಂದಿನ ಸಮಾಜ ಅಂತ್ಯಜರೆಂದು ಕರೆದು ಊರ ಹೊರಗಿಟ್ಟಿದ್ದ ಕುಲದಲ್ಲಿ ಹುಟ್ಟಿದವನು. ಕಳವು ಆತನ ಬದುಕಾಗಿತ್ತು. ಊರೊಳಗೆ ಹಗಲು ಕಾಲಿಡಲು ಅನುಮತಿಯಿಲ್ಲದವನು ರಾತ್ರಿ ಊರೊಳಗೆ ಬರುತ್ತಿದ್ದನೆಂಬುದನ್ನು ಇಲ್ಲಿ ನಾವು ಗಮನಿಸಬೇಕು. ಕಳವು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಗಲಿನ ಎಲ್ಲ ಬಾಗಿಲುಗಳೂ ಮುಚ್ಚಿರುವ ಮನುಷ್ಯನ ಕಳವು, ಎಲ್ಲವೂ ಇದ್ದವನ ಕಳವು, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಆ ಕಾಲದಲ್ಲಿ ಕಂಧಾರದ ಮಠದಲ್ಲಿ ಉರಿಲಿಂಗದೇವರೆಂಬ ಗುರುಗಳಿದ್ದರು. ಅವರು ಕಾಶಿಯಿಂದ ಬಂದ ಶಿವಲೆಂಕ ಮಂಚಣ್ಣನವರ ಶಿಷ್ಯರು, ಸ್ವತಃ ವಚನಕಾರರು. ಒಂದು ರಾತ್ರಿ ಭಕ್ತರೊಬ್ಬರ ಮನೆಯಲ್ಲಿ ಅವರು ಲಿಂಗದೀಕ್ಷೆ ನೀಡುತ್ತಿದ್ದರು. ಅದೇ ಮನೆಗೆ ಅದೇ ರಾತ್ರಿ ಪೆದ್ದಣ್ಣ ಕಳವಿಗೆಂದು ಬಂದಿದ್ದ. ಒಡವೆಯನ್ನು ಹುಡುಕಿ ಬಂದವನ ಕಣ್ಣಿಗೆ ಬಿದ್ದದ್ದು ದೀಪದ ಬೆಳಕಿನಲ್ಲಿ ಗುರು ಒಬ್ಬ ಮನುಷ್ಯನ ಅಂಗೈಗೆ ಲಿಂಗವನ್ನು ಇಡುತ್ತಿರುವ ದೃಶ್ಯ. ಕದಿಯಲು ಬಂದವನು ಮರೆಯಲ್ಲಿ ನಿಂತು ಅದನ್ನು ಕೊನೆಯವರೆಗೆ ನೋಡಿದ. ಕದಿಯದೆ ಮರಳಿದ.

ಆ ರಾತ್ರಿ ಆತನಿಗೆ ಯಾರೂ ಉಪದೇಶ ಮಾಡಲಿಲ್ಲ, ಹಿಡಿಯಲಿಲ್ಲ, ಹೊಡೆಯಲಿಲ್ಲ. ಇನ್ನೊಬ್ಬ ಮನುಷ್ಯನನ್ನು ಗೌರವದಿಂದ ನಡೆಸಿಕೊಳ್ಳುವ ಬಗೆಯನ್ನು ಆತ ಕಂಡ, ತನಗೂ ಅದು ಬೇಕೆಂದು ಬಯಸಿದ. ಹಾದಿ ತಪ್ಪಿದವನ ಮನಸ್ಸಿನಲ್ಲಿ ಬಯಕೆ ಹುಟ್ಟುವುದು ಮೊದಲ ಹೆಜ್ಜೆ. ಆದರೆ ಬಯಕೆಯೊಂದರಿಂದಲೇ ಬದುಕು ಬದಲಾಗುವುದಿಲ್ಲ. ಅದು ಹೋಗಿ ನಿಲ್ಲಲು ಒಂದು ಜಾಗ ಬೇಕು.

ಕಟ್ಟಿಗೆಯ ಹೊರೆ

ಪೆದ್ದಣ್ಣ ನೇರವಾಗಿ ಹೋಗಿ ದೀಕ್ಷೆ ಬೇಡಲಿಲ್ಲ. ಬೇಡುವ ಧೈರ್ಯ ಆ ಕುಲದವನಿಗೆ, ಅದರಲ್ಲಿಯೂ ಕಳ್ಳನೆನಿಸಿಕೊಂಡವನಿಗೆ ಎಲ್ಲಿಂದ ಬರಬೇಕು? ಆತ ಕಾಡಿಗೆ ಹೋಗಿ ಕಟ್ಟಿಗೆ ಕಡಿದು, ಹೊರೆ ಕಟ್ಟಿ, ಮಠಕ್ಕೆ ತಂದು ಹಾಕತೊಡಗಿದ. ದಿನವೂ ತಂದ. ಮಠದಲ್ಲಿ ದಾಸೋಹ ನಡೆಯುತ್ತಿತ್ತು; ದಾಸೋಹದ ಒಲೆಗೆ ಕಟ್ಟಿಗೆ ಬೇಕಿತ್ತು. ಹೀಗೆ ಕಳ್ಳನ ದುಡಿಮೆಯಿಂದ ಉರಿದ ಬೆಂಕಿಯಲ್ಲಿ ಮಠದ ಅನ್ನ ಬೇಯುವಂತಾಯಿತು.

ಈ ಭಾಗವನ್ನು ಕಥೆ ಹೇಳುವವರು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಮಗೆ ಮಾತ್ರ ಇಡೀ ಬದುಕಿನ ತಿರುಳು ಇಲ್ಲಿಯೇ ಇದೆ ಎನಿಸುತ್ತದೆ. ಮಠವು ಆತನ ಹೊರೆಯನ್ನು ಸ್ವೀಕರಿಸಿತು. ಇವನು ಕಳ್ಳ, ಇವನ ಕಟ್ಟಿಗೆ ಬೇಡ ಎನ್ನಲಿಲ್ಲ. ನಿನ್ನೆ ಊರಿನ ಒಡವೆಯನ್ನು ಒಯ್ಯುತ್ತಿದ್ದ ಕೈಗಳು ಇಂದು ಊರಿಗೆ ಬೇಕಾದ ವಸ್ತುವನ್ನು ತಂದುಕೊಡುತ್ತಿದ್ದವು. ತಾನು ತಂದದ್ದರಿಂದ ನಾಲ್ಕು ಜನ ಉಣ್ಣುತ್ತಾರೆ ಎಂಬ ಅರಿವು ಒಬ್ಬನ ತಲೆಯನ್ನು ಎಷ್ಟು ಎತ್ತರಕ್ಕೆ ಎತ್ತುತ್ತದೆಂಬುದನ್ನು ದುಡಿದು ಉಂಡ ಪ್ರತಿಯೊಬ್ಬನೂ ಬಲ್ಲ.

ಶರಣರು ಇದಕ್ಕೆ ಕಾಯಕವೆಂದು ಹೆಸರಿಟ್ಟರು. ಕಾಯಕವೆಂದರೆ ಕೂಲಿಯಲ್ಲ, ಶಿಕ್ಷೆಯೂ ಅಲ್ಲ. ಸತ್ಯದಿಂದ ಮಾಡಿದ ದುಡಿಮೆ, ಅದರ ಫಲವನ್ನು ಸಮಾಜಕ್ಕೆ ಹಂಚುವ ದಾಸೋಹ, ಇವೆರಡೂ ಕೂಡಿದಾಗ ಅದು ಕಾಯಕ. ಈ ವ್ಯವಸ್ಥೆಯೊಳಗೆ ಬಂದ ಕಳ್ಳ ಪೆದ್ದಣ್ಣನೊಬ್ಬನೇ ಅಲ್ಲ. ಕನ್ನ ಕೊರೆಯುವ ವೃತ್ತಿಯಿಂದಲೇ ಹೆಸರು ಪಡೆದ ಕನ್ನದ ಮಾರಿತಂದೆ ಎಂಬ ಶರಣರೂ ಇದ್ದರು. ಅವರ ವಚನಗಳೂ ಉಳಿದಿವೆ. ಅವರ ಹಿಂದಿನ ಬದುಕನ್ನು ಶರಣರು ಮುಚ್ಚಿಡಲಿಲ್ಲ, ಹೆಸರಿನಲ್ಲಿಯೇ ಉಳಿಸಿಕೊಂಡರು. ಆದರೆ ಅದು ಮುಂದಿನ ಬದುಕಿಗೆ ಅಡ್ಡಿಯಾಗಲು ಬಿಡಲಿಲ್ಲ.

ಎಸೆದ ಕಲ್ಲು

ಮುಂದಿನ ಘಟನೆ ಮಠಕ್ಕೆ ಅಷ್ಟೇನೂ ಕೀರ್ತಿ ತರುವಂಥದಲ್ಲ. ದಿನವೂ ಕಟ್ಟಿಗೆ ತರುವ ಈ ಮನುಷ್ಯನಿಗೆ ಏನು ಬೇಕೆಂದು ಗುರುಗಳು ವಿಚಾರಿಸಿದರು. ತನಗೂ ದೀಕ್ಷೆ ಬೇಕೆಂದು ಪೆದ್ದಣ್ಣ ಬೇಡಿಕೊಂಡ. ಗುರುಗಳು ಒಪ್ಪಲಿಲ್ಲ. ಆತ ಬಿಡಲಿಲ್ಲ. ಕೊನೆಗೆ ಸಿಟ್ಟಿಗೆದ್ದ ಗುರುಗಳು ಒಂದು ಕಲ್ಲನ್ನು ತೆಗೆದು ಆತನ ಕಡೆಗೆ ಎಸೆದರೆಂದು ಪರಂಪರೆ ಹೇಳುತ್ತದೆ.

ಕಲ್ಲು ತಿಂದವನು ತಿರುಗಿ ಎಸೆಯಲಿಲ್ಲ, ಓಡಿಯೂ ಹೋಗಲಿಲ್ಲ. ಆ ಕಲ್ಲನ್ನೇ ಎತ್ತಿಕೊಂಡು, ಗುರು ಕೊಟ್ಟ ಲಿಂಗವಿದೆಂದು ನಂಬಿ, ಪೂಜಿಸತೊಡಗಿದ. ಅದನ್ನು ಕಂಡ ಉರಿಲಿಂಗದೇವರ ಮನಸ್ಸು ಕರಗಿತು. ಅವರು ಆತನನ್ನು ಹತ್ತಿರ ಕರೆದರು, ದೀಕ್ಷೆ ನೀಡಿದರು, ಶಿಷ್ಯನನ್ನಾಗಿ ಮಾಡಿಕೊಂಡರು.

ಈ ಕಥೆಯನ್ನು ಶಿಷ್ಯನ ಭಕ್ತಿಯ ಮಹಿಮೆಯೆಂದು ಹೇಳುವುದು ವಾಡಿಕೆ. ಅದು ನಿಜವೇ. ಆದರೆ ಅದರಲ್ಲಿ ಇನ್ನೂ ಒಂದು ಸಂಗತಿಯಿದೆ. ಅಂದು ಬದಲಾದದ್ದು ಕಳ್ಳನೊಬ್ಬನೇ ಅಲ್ಲ, ಗುರುಗಳೂ ಬದಲಾದರು. ಕುಲವನ್ನೂ ಹಿಂದಿನ ಬದುಕನ್ನೂ ನೋಡಿ ಮುಚ್ಚಿದ್ದ ಬಾಗಿಲನ್ನು ಅವರು ತಾವೇ ತೆರೆದರು. ತಾವು ಎಸೆದ ಕಲ್ಲು ಇನ್ನೊಬ್ಬನ ಕೈಯಲ್ಲಿ ಲಿಂಗವಾದುದನ್ನು ಒಪ್ಪಿಕೊಳ್ಳುವ ದೊಡ್ಡತನ ಅವರಲ್ಲಿತ್ತು. ಗುರು ತನ್ನ ನಿರ್ಣಯವನ್ನು ಹಿಂತೆಗೆದುಕೊಳ್ಳದೆ ಹೋಗಿದ್ದರೆ ಕನ್ನಡಕ್ಕೆ ಒಬ್ಬ ವಚನಕಾರ ಕಡಿಮೆಯಾಗುತ್ತಿದ್ದ. ಊರಿನ ಕಳ್ಳರಲ್ಲಿ ಒಬ್ಬ ಹೆಚ್ಚಾಗಿ ಉಳಿಯುತ್ತಿದ್ದ. ಹುಡುಗನನ್ನು ಬದಲಿಸಹೊರಟ ಸಂಸ್ಥೆಯು ತಾನೂ ಅಷ್ಟು ಬದಲಾಗಲು ಸಿದ್ಧವಿರಬೇಕು ಎಂಬುದೇ ಈ ಬದುಕಿನಿಂದ ನಾವು ಕಲಿಯಬೇಕಾದ ಮುಖ್ಯ ಪಾಠ.

ಅಕ್ಷರ, ಆಮೇಲೆ ಪೀಠ

ದೀಕ್ಷೆಯ ನಂತರ ಪೆದ್ದಣ್ಣನನ್ನು ಕಟ್ಟಿಗೆ ತರಲು ಮತ್ತೆ ಕಾಡಿಗೆ ಕಳಿಸಿ ಗುರುಗಳು ಸುಮ್ಮನಾಗಬಹುದಿತ್ತು. ಹಾಗಾಗಲಿಲ್ಲ. ಆತನಿಗೆ ಅಕ್ಷರ ದೊರೆಯಿತು, ಶಾಸ್ತ್ರ ದೊರೆಯಿತು. ಅದಕ್ಕೆ ಆತನ ವಚನಗಳೇ ಪ್ರಮಾಣ. ವಚನಕಾರರಲ್ಲಿ ಸಂಸ್ಕೃತದ ಶ್ರುತಿ, ಆಗಮ, ಪುರಾಣಗಳ ಮಾತುಗಳನ್ನು ಹೇರಳವಾಗಿ ಆಧರಿಸಿ ವಾದಿಸುವವರಲ್ಲಿ ಉರಿಲಿಂಗಪೆದ್ದಿಯವರದು ಎದ್ದು ಕಾಣುವ ಹೆಸರು. ವೇದವನ್ನು ಕಿವಿಯಿಂದ ಕೇಳುವುದೂ ನಿಷಿದ್ಧವೆಂದು ಹೇಳಲಾಗಿದ್ದ ಕುಲದ ಮನುಷ್ಯ ಆ ವೇದದ ಮಾತುಗಳನ್ನೇ ಎದುರಾಳಿಗಳ ಮುಂದೆ ಸಾಕ್ಷಿಯಾಗಿ ನಿಲ್ಲಿಸಿದರು. ಇದು ಒಂದೆರಡು ದಿನಗಳ ಕಲಿಕೆಯಿಂದ ಬರುವ ವಿದ್ವತ್ತಲ್ಲ. ವರ್ಷಗಳ ಕಾಲ ಯಾರೋ ತಾಳ್ಮೆಯಿಂದ ಕಲಿಸಿರಬೇಕು; ಈತ ತಾಳ್ಮೆಯಿಂದ ಕಲಿತಿರಬೇಕು.

ನಮ್ಮ ಗಡಿನಾಡಿನ ಮಕ್ಕಳು ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಒಂದು ನುಡಿ, ಬಸ್ ನಿಲ್ದಾಣದಲ್ಲಿ ಇನ್ನೊಂದು ನುಡಿ ಎಂದು ಬೆಳೆಯುತ್ತಾರೆ. ಅವರಿಗೆ ಈ ಹೆಸರಿನ ಒಂದು ಸ್ವಾರಸ್ಯವನ್ನು ಹೇಳಬೇಕು. ಪೆದ್ದ ಎಂದರೆ ಕನ್ನಡದಲ್ಲಿ ದಡ್ಡ. ಅದೇ ಶಬ್ದಕ್ಕೆ ತೆಲುಗಿನಲ್ಲಿ ದೊಡ್ಡವನು, ಹಿರಿಯನು ಎಂಬ ಅರ್ಥವಿದೆ. ದಡ್ಡನೆಂದು ಕರೆಸಿಕೊಂಡಿರಬಹುದಾದ ಮನುಷ್ಯ ಹಿರಿಯನೆನಿಸಿಕೊಂಡು ಬಾಳಿದ್ದಕ್ಕೆ ಆ ಒಂದು ಹೆಸರು ಎರಡು ನುಡಿಗಳಲ್ಲಿ ಹೊಂದಿಕೊಳ್ಳುತ್ತದೆ.

ಗುರು ಉರಿಲಿಂಗದೇವರ ನಂತರ ಮಠದ ಪೀಠಕ್ಕೆ ಬಂದವರು ಇದೇ ಪೆದ್ದಿಗಳು. ಗುರುವಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಧರಿಸಿ ಉರಿಲಿಂಗಪೆದ್ದಿಯಾದರು. ಅಂದಿನ ಸಮಾಜದಲ್ಲಿ ಇದು ಎಂಥ ಹೆಜ್ಜೆಯೆಂಬುದನ್ನು ಊಹಿಸಿಕೊಳ್ಳಬೇಕು. ಅಂತ್ಯಜ ಕುಲದವನು, ಮೇಲಾಗಿ ಕಳ್ಳನಾಗಿದ್ದವನು, ಈಗ ಮಠದ ಬೀಗದ ಕೈಗಳನ್ನು ಹಿಡಿದವನು. ಬೊಕ್ಕಸ, ದಾಸೋಹದ ಕಣಜ, ಭಕ್ತರ ಕಾಣಿಕೆ, ಎಲ್ಲವೂ ಆತನ ವಶದಲ್ಲಿ. ಅಪರಾಧಿಯನ್ನು ತಿದ್ದಿದ್ದೇವೆ ಎಂದು ಹೇಳಿಕೊಳ್ಳುವ ಸಂಸ್ಥೆಗಳು ಅನೇಕ. ತಿದ್ದಿದವನ ಕೈಗೆ ಬೀಗದ ಕೈ ಕೊಡುವ ಸಂಸ್ಥೆಗಳು ಎಷ್ಟು? ಕಂಧಾರದ ಮಠ ಕೊಟ್ಟಿತು. ತಾನು ತಿದ್ದಿದವನ ಮೇಲೆ ತನಗೇ ನಂಬಿಕೆಯಿದೆ ಎಂಬುದನ್ನು ಅದು ತೋರಿಸಿದ್ದು ಹೀಗೆ.

ಕಾಳವ್ವೆ ಮತ್ತು ವಚನಗಳು

ಪೆದ್ದಿಗಳ ಬಾಳಸಂಗಾತಿ ಕಾಳವ್ವೆ. ಶರಣ ಸಾಹಿತ್ಯದಲ್ಲಿ ಆಕೆಯನ್ನು ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ ಎಂದು ಗುರುತಿಸಲಾಗಿದೆ. ಆ ಹೆಸರಿನಲ್ಲಿ ಪತಿಗೆ ಬಹುವಚನದ ಗೌರವವಿದೆ. ಒಂದು ಕಾಲಕ್ಕೆ ಊರ ಜನ ಏಕವಚನದಲ್ಲಿಯೂ ಕರೆಯಲು ಹೇಸುತ್ತಿದ್ದ ವ್ಯಕ್ತಿಗೆ ಸಂದ ಗೌರವ ಅದು. ಕಾಳವ್ವೆಯೂ ಸ್ವತಂತ್ರ ವಚನಕಾರ್ತಿ. ಕಾಯಕದ ಶುದ್ಧಿ, ವ್ರತನಿಷ್ಠೆಗಳನ್ನು ಕುರಿತು ನಿಷ್ಠುರವಾಗಿ ಬರೆದವರು. ಕುಲದ ಮೇಲುಕೀಳುಗಳ ಲೆಕ್ಕಾಚಾರವನ್ನು ನೇರವಾಗಿ ಪ್ರಶ್ನಿಸಿದವರು. ಹೊರಗಿಟ್ಟ ಕುಲದ ಗಂಡ ಹೆಂಡತಿ ಇಬ್ಬರೂ ಲೇಖನಿ ಹಿಡಿದು ಕನ್ನಡ ಸಾಹಿತ್ಯದ ಭಾಗವಾದದ್ದು ಹನ್ನೆರಡನೆಯ ಶತಮಾನದ ಒಂದು ಅಪೂರ್ವ ಸಂಗತಿ.

ಉರಿಲಿಂಗಪೆದ್ದಿಯವರ 360ಕ್ಕೂ ಹೆಚ್ಚು ವಚನಗಳು ಇಂದು ದೊರೆಯುತ್ತವೆ. ಅವರ ಅಂಕಿತ ಉರಿಲಿಂಗಪೆದ್ದಿಪ್ರಿಯ ವಿಶ್ವೇಶ್ವರ. ಗುರುವಿನ ಮಹಿಮೆ ಆ ವಚನಗಳಲ್ಲಿ ಮತ್ತೆ ಮತ್ತೆ ಬರುವ ವಿಷಯ. ಕಲ್ಲೆಸೆದ ಗುರುವಿನ ಬಗ್ಗೆ ಕಹಿಯ ಲೇಶವೂ ಇಲ್ಲ. ಲಿಂಗಧಾರಣೆಯ ನಂತರ ಕುಲವನ್ನು ಹುಡುಕುವವರ ಬಗ್ಗೆ ಮಾತ್ರ ಕಠಿಣವಾದ ಮಾತುಗಳಿವೆ. ಓದಿದ್ದನ್ನು ನಡೆಯಲ್ಲಿ ತಾರದವರನ್ನೂ ಅವರು ಬಿಡಲಿಲ್ಲ. ಹಿಂದಿನ ಬದುಕನ್ನು ಬಿಟ್ಟುಬಂದವನಿಗೆ ಮತ್ತೆ ಮತ್ತೆ ಅದನ್ನೇ ನೆನಪಿಸುವುದು ಎಂಥ ಅನ್ಯಾಯವೆಂಬುದು ಅವರಿಗೆ ಸ್ವಂತ ಅನುಭವದಿಂದ ತಿಳಿದಿತ್ತೆಂದು ಓದುಗರಿಗೆ ಅನಿಸದಿರದು.

ಕಲ್ಯಾಣದ ಕ್ರಾಂತಿಯ ನಂತರ ಶರಣರು ಚದುರಿದರು. ವಚನಗಳ ಕಟ್ಟುಗಳೂ ಚದುರಿದವು. ಇಪ್ಪತ್ತನೆಯ ಶತಮಾನದಲ್ಲಿ ವಿಜಯಪುರದ ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ವಚನಗಳನ್ನು ಅಚ್ಚಿಗೆ ತಂದರು. ಅವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಪ್ರಕಟವಾಯಿತು. ಮುಂದೆ ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಉರಿಲಿಂಗಪೆದ್ದಿಯವರ ಹೆಸರಿನ ಮಠಗಳು ಮೈಸೂರು ಸೇರಿದಂತೆ ಕರ್ನಾಟಕದಲ್ಲಿ ಇಂದಿಗೂ ಇವೆ. ಶೋಷಿತ ಸಮುದಾಯಗಳಿಗೆ ಅವು ಗುರುಪೀಠಗಳು.

ಬೇಲಿಯ ದಾರಿ

ಕಂಧಾರದ ಮಠ ತುಳಿದ ದಾರಿಗೆ ವಿರುದ್ಧವಾದ ದಾರಿಯೊಂದನ್ನೂ ನಮ್ಮ ಸೀಮೆ ಕಂಡಿದೆ. ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. ಅದರ ಪ್ರಕಾರ ಕೆಲವು ಸಮುದಾಯಗಳಲ್ಲಿ ಹುಟ್ಟುವುದೇ ಅಪರಾಧವಾಯಿತು. ಸೊಲ್ಲಾಪುರದಲ್ಲಿ ತಂತಿಬೇಲಿಯೊಳಗೆ ಅಂಥವರ ವಸಾಹತು ಏರ್ಪಟ್ಟಿತು. ಅಲ್ಲಿಯೂ ದುಡಿಮೆಯಿತ್ತು, ಸುಧಾರಣೆಯ ಮಾತಿತ್ತು. ಆದರೆ ಹಾಜರಿ ಕೊಡದೆ ಹೊರಗೆ ಹೋಗುವಂತಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಆ ಕಾಯ್ದೆ ರದ್ದಾಯಿತು. ಆ ಜನ ವಿಮುಕ್ತರೆಂದು ಕರೆಸಿಕೊಂಡರು. ಕಾಯ್ದೆ ಹೋದರೂ ಹಣೆಪಟ್ಟಿ ಹೋಗಲು ತಲೆಮಾರುಗಳೇ ಬೇಕಾದವು, ಇನ್ನೂ ಪೂರ್ತಿ ಹೋಗಿಲ್ಲ.

ಎರಡೂ ಕಡೆ ದುಡಿಮೆಯಿತ್ತು. ವ್ಯತ್ಯಾಸವೇನು? ಕಂಧಾರದಲ್ಲಿ ಹೊರೆ ಹೊತ್ತವನು ತಾನಾಗಿ ಬಂದಿದ್ದ, ಒಂದು ದಿನ ಪೀಠವನ್ನೂ ಏರಬಹುದಾಗಿತ್ತು. ಬೇಲಿಯೊಳಗಿನ ವಸಾಹತಿನಲ್ಲಿ ದುಡಿದವನು ಎಷ್ಟೇ ದುಡಿದರೂ ಅಪರಾಧಿ ಬುಡಕಟ್ಟಿನವನಾಗಿಯೇ ಉಳಿದ. ಮೇಲೇರುವ ಮೆಟ್ಟಿಲಿಲ್ಲದ ಕಡೆ ದುಡಿಮೆಯಿಂದ ಮನುಷ್ಯ ದಣಿಯುತ್ತಾನೆಯೇ ಹೊರತು ಬದಲಾಗುವುದಿಲ್ಲ.

ಇಂದಿನ ಕಾನೂನು ಏನು ಹೇಳುತ್ತದೆ

ನಮ್ಮ ದೇಶದ ಇಂದಿನ ಕಾನೂನು, ಸಂತೋಷದ ಸಂಗತಿಯೆಂದರೆ, ಮಠದ ದಾರಿಗೆ ಹತ್ತಿರವಾಗಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರನ್ನು ಅಪರಾಧಿ ಎಂದು ಕರೆಯುವುದಿಲ್ಲ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು ಎನ್ನಲಾಗುತ್ತದೆ. ಅಂಥ ಮಗುವನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ವಿಚಾರಣೆ ನಡೆಸುವುದು ಬಾಲನ್ಯಾಯ ಮಂಡಳಿ. ಅದರಲ್ಲಿ ಒಬ್ಬ ನ್ಯಾಯಾಧೀಶರು, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ವಿಚಾರಣೆಯ ಕಾಲದಲ್ಲಿ ಮಗುವನ್ನು ಇರಿಸಬೇಕಾಗಿ ಬಂದರೆ ಅದಕ್ಕೆ ವೀಕ್ಷಣಾಲಯವಿದೆ. ಮಹಾರಾಷ್ಟ್ರದಲ್ಲಿ ನಾವು ಅದನ್ನು ನಿರೀಕ್ಷಣಗೃಹವೆಂದು ಕೇಳಿದ್ದೇವೆ.

ತಪ್ಪು ಸಿದ್ಧವಾದರೆ ಮಂಡಳಿಯು ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಆಪ್ತಸಮಾಲೋಚನೆಗೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ಸನ್ನಡತೆಯ ಭರವಸೆಯ ಮೇಲೆ ಪಾಲಕರ ವಶಕ್ಕೆ ಒಪ್ಪಿಸಬಹುದು. ಯಾವುದೂ ಸಾಲದೆಂದಾಗ ವಿಶೇಷ ಗೃಹಕ್ಕೆ ಹೆಚ್ಚೆಂದರೆ 3 ವರ್ಷಗಳ ಕಾಲ ಕಳಿಸಬಹುದು. 16 ದಾಟಿದವರು ಘೋರ ಅಪರಾಧ ಮಾಡಿದಾಗ ಬೇರೆ ವಿಧಾನವಿದೆ, ಅಲ್ಲಿಯೂ ಮರಣದಂಡನೆಯಿಲ್ಲ. ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯವಾಗಬೇಕು, ಮಗುವಿಗೆ ಹೊಸ ಬದುಕನ್ನು ಆರಂಭಿಸುವ ಅವಕಾಶ ಸಿಗಬೇಕು ಎಂಬುದನ್ನು ಕಾಯ್ದೆ ತನ್ನ ಮೂಲತತ್ವಗಳಲ್ಲಿಯೇ ಹೇಳಿದೆ. ಆ ಮಗುವಿನ ಹೆಸರನ್ನಾಗಲಿ ಭಾವಚಿತ್ರವನ್ನಾಗಲಿ ಶಾಲೆಯ ಹೆಸರನ್ನಾಗಲಿ ಪ್ರಕಟಿಸುವುದು ಅಪರಾಧ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುವವರೂ ಇದನ್ನು ತಿಳಿದಿರಬೇಕು.

ಕನ್ನಡ ಮಾಧ್ಯಮದ ಕುಟುಂಬಗಳು ವಿಶೇಷವಾಗಿ ನೆನಪಿಡಬೇಕಾದ ಒಂದು ಅಂಶ ಈ ಕಾಯ್ದೆಯಲ್ಲಿದೆ. ವಿಚಾರಣೆಯ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ದುಭಾಷಿಯನ್ನು ಒದಗಿಸುವುದು ಮಂಡಳಿಯ ಕರ್ತವ್ಯ. ತನ್ನ ಮನಸ್ಸಿನಲ್ಲಿರುವುದನ್ನು ತನ್ನ ನುಡಿಯಲ್ಲಿ ಹೇಳಲಾಗದ ಮಗು ಮೌನವಾಗುತ್ತದೆ. ಆ ಮೌನವನ್ನು ಜನ ಮೊಂಡುತನವೆಂದು ತಿಳಿಯುತ್ತಾರೆ. ಪಾಲಕರು ಹೆದರದೆ ದುಭಾಷಿಯನ್ನು ಕೇಳಬೇಕು. ಉಚಿತ ಕಾನೂನು ನೆರವಿಗೂ ಅವಕಾಶವಿದೆ. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಸಹಾಯವಾಣಿಯಿದೆ.

ಶಾಲೆಯೂ ಒಂದು ಮಠವೇ

ಕಾನೂನಿನ ಮೆಟ್ಟಿಲು ಹತ್ತುವ ಮೊದಲೇ ಮಗುವನ್ನು ಹಿಡಿದು ನಿಲ್ಲಿಸಬಲ್ಲ ಸಂಸ್ಥೆಯೊಂದಿದೆ, ಅದು ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತಿಲ್ಲ. ಉಮರ್ಗಾ, ನಿಲಂಗಾ, ಉದಗೀರದ ಕಡೆ ಕನ್ನಡ ಮಾಧ್ಯಮದಿಂದ ಹೊರಬಿದ್ದ ಮಗುವಿಗೆ ಮತ್ತೊಂದು ಕನ್ನಡ ಶಾಲೆ ಕೂಗಳತೆಯಲ್ಲಿ ಸಿಗುವುದಿಲ್ಲ. ಮರಾಠಿ ಶಾಲೆಯ ನಡುವಿನ ತರಗತಿಗೆ ಹೋಗಿ ಕೂತರೆ ಪಾಠ ಹಿಡಿಸುವುದಿಲ್ಲ. ಆ ಹುಡುಗ ನೇರವಾಗಿ ಧಾಬಾಕ್ಕೋ ಇಟ್ಟಿಗೆ ಭಟ್ಟಿಗೋ ಪುಣೆಯ ಬಸ್ಸಿಗೋ ಹೋಗುತ್ತಾನೆ. ಹೀಗೆ ಇಲ್ಲಿ ಒಂದು ಮಗುವನ್ನು ಹೊರಗೆ ಕಳಿಸುವುದೆಂದರೆ ಅದರ ಕಲಿಕೆಯನ್ನೂ ಅದರ ನುಡಿಯನ್ನೂ ಒಟ್ಟಿಗೆ ಕಡಿದಂತೆ.

ಹಾಗೆಂದು ತಪ್ಪನ್ನು ತಪ್ಪೆನ್ನಬಾರದೆಂದು ನಾವು ಹೇಳುತ್ತಿಲ್ಲ. ಕದ್ದ ಹಣ ಮರಳಬೇಕು. ನೊಂದ ಮಗುವಿಗೆ ನ್ಯಾಯ ಸಿಗಬೇಕು. ಅದನ್ನು ಮರೆತ ಕರುಣೆ ಅರ್ಧ ಕರುಣೆ. ಪೆದ್ದಣ್ಣನೂ ಬರಿಗೈಯಲ್ಲಿ ಮಠಕ್ಕೆ ಬರಲಿಲ್ಲ, ಹೊರೆ ಹೊತ್ತು ಬಂದ. ತಪ್ಪಿದ ಮಗುವಿಗೆ ಹೊರಲು ಒಂದು ಹೊರೆಯನ್ನು ಕೊಡೋಣ: ಶಾಲೆಯ ಗಿಡಗಳ ಜವಾಬ್ದಾರಿ, ಗ್ರಂಥಾಲಯದ ಪುಸ್ತಕಗಳ ಲೆಕ್ಕ, ಬಿಸಿಯೂಟ ಬಡಿಸುವ ಸರದಿ. ಅದು ಎಲ್ಲರ ಎದುರು ಮಾಡಿಸುವ ಅವಮಾನವಾಗದಿರಲಿ, ಎಲ್ಲರಿಗೂ ಬೇಕಾದ ಕೆಲಸವಾಗಿರಲಿ. ನಿಭಾಯಿಸಿದಾಗ ಇನ್ನಷ್ಟು ದೊಡ್ಡ ಜವಾಬ್ದಾರಿ ಕೊಡೋಣ. ಒಂದು ದಿನ ಬೀಗದ ಕೈಯನ್ನೂ ಕೊಡೋಣ.

ಎಲ್ಲ ಮಕ್ಕಳೂ ಪೆದ್ದಣ್ಣನಂತೆ ಮೊದಲ ಕಲ್ಲನ್ನೇ ಲಿಂಗವೆಂದು ಎತ್ತಿಕೊಳ್ಳುವುದಿಲ್ಲ. ಬಹುಪಾಲು ಮಕ್ಕಳು ಕಲ್ಲು ಬಿದ್ದೊಡನೆ ಓಡಿಹೋಗುತ್ತಾರೆ. ಅವರ ಓಟವನ್ನು ನೋಡಿ ಇವರು ತಿದ್ದಲಾಗದವರೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಉರಿಲಿಂಗದೇವರು ಎಸೆದದ್ದನ್ನು ಸರಿಪಡಿಸಿಕೊಳ್ಳಲು ಅವರಿಗೆ ಶಿಷ್ಯನ ಭಕ್ತಿ ನೆರವಾಯಿತು. ನಮಗೆ ಆ ಭಾಗ್ಯ ಪ್ರತಿಸಲ ದೊರೆಯಲಾರದು. ಆದುದರಿಂದ ಕಲ್ಲನ್ನು ಕೈಗೆತ್ತಿಕೊಳ್ಳುವ ಮೊದಲೇ ನಿಲ್ಲುವುದು ಲೇಸು.

ಈ ವರ್ಷದ ಬಸವ ಜಯಂತಿಗೆ ನಮ್ಮ ಶಾಲೆಗಳಲ್ಲಿ ಉರಿಲಿಂಗಪೆದ್ದಿ ಮತ್ತು ಕಾಳವ್ವೆಯರ ಒಂದೊಂದು ವಚನವನ್ನಾದರೂ ಮಕ್ಕಳಿಂದ ಓದಿಸಬೇಕೆಂದು ಗುರುಗಳಲ್ಲಿಯೂ ಪಾಲಕರಲ್ಲಿಯೂ ನಮ್ಮ ಕೋರಿಕೆ. ಓದುವ ಅವಕಾಶವನ್ನು, ಸಾಧ್ಯವಾದರೆ, ತರಗತಿಯಲ್ಲಿ ಎಲ್ಲರ ಬೈಗುಳ ತಿಂದು ಹಿಂದಿನ ಬೆಂಚಿನಲ್ಲಿ ಕೂತ ಹುಡುಗನಿಗೆ ಕೊಡಬೇಕು. ಕಂಧಾರ ನಮಗೆ ಒಂದು ದಿನದ ಪ್ರಯಾಣಕ್ಕೂ ಹತ್ತಿರ. ಪ್ರವಾಸಕ್ಕೆ ಹೋಗುವ ಶಾಲೆಗಳು ಅಲ್ಲಿನ ಕೋಟೆ, ಕೆರೆಗಳ ಜೊತೆಗೆ ಈ ಗುರುಶಿಷ್ಯರ ಕಥೆಯನ್ನೂ ಮಕ್ಕಳಿಗೆ ಹೇಳಲಿ.